ಲಾಕ್‌ಡೌನ್ ಪರಿಹಾರ ಪಡೆದವರ ಪಟ್ಟಿ ಗುಟ್ಟೇ?

ಪ್ರಶ್ನೆ: ನಮ್ಮದು ಬಯಲುಸೀಮೆಯ ಒಂದು ಹಳ್ಳಿ. ಒಟ್ಟು 1 ಎಕರೆ 10 ಗುಂಟೆ ಜಮೀನು, ಪಹಣಿ ಇನ್ನೂ ತಾತನ ಹೆಸರಿನಲ್ಲಿದೆ, ಅವರು ತೀರಿಕೊಂಡು ಹದಿನೈದು ವರ್ಷವಾಯಿತು. 2020ರ ಸಂಕ್ರಾಂತಿ ಹೊತ್ತಿಗೆ ಅಪ್ಪ ಯುಗಾದಿ ಮಾರುಕಟ್ಟೆ ನೋಡಿಕೊಂಡು ಚೆಂಡು ಹೂವು ನಾಟಿ ಮಾಡಿದ್ದರು. ಹಬ್ಬದ ದಿನವೇ ಲಾಕ್‌ಡೌನ್ ಶುರುವಾಗಿ ಹೂವನ್ನೆಲ್ಲ ಕಿತ್ತು ತಿಪ್ಪೆಗೆ ಹಾಕಿದೆವು. ಸರ್ಕಾರ 25,000 ರೂಪಾಯಿ ಘೋಷಿಸಿದಾಗ ಅಪ್ಪ ಅರ್ಜಿ ಕೊಟ್ಟರು, ದುಡ್ಡು ಬರಲಿಲ್ಲ. ಪಕ್ಕದ ಹೊಲದವರಿಗೆ ಪೂರ್ತಿ 25,000 ಬಂತು, ಆ ಬೇಸಿಗೆಯಲ್ಲಿ ಅವರ ಹೊಲದಲ್ಲಿ ಒಂದು ಹೂವಿನ ಗಿಡವೂ ಇರಲಿಲ್ಲ. ಈಚೆಗೆ ಕಚೇರಿಯಲ್ಲಿ ಪಟ್ಟಿ ಕೇಳಿದರೆ, ‘ಡೇಟಾ ರಕ್ಷಣೆ ಕಾನೂನು ಬಂದಿದೆ, ಯಾರ ಹೆಸರನ್ನೂ ಕೊಡುವ ಹಾಗಿಲ್ಲ’ ಎಂದರು. ಇದು ನಿಜವೇ? ಪಟ್ಟಿ ಸಿಕ್ಕರೆ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಬಹುದೇ? ನಮ್ಮ ಹಣ ಈಗಲಾದರೂ ಬರುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ, ಆದರೆ ನಿಮ್ಮನ್ನು ಕೊರೆಯುತ್ತಿರುವುದು ಒಂದೇ: ಹೂವು ಬೆಳೆದವರಿಗೆ ಬರಲಿಲ್ಲ, ಬೆಳೆಯದವರಿಗೆ ಬಂತು, ಕೇಳಿದರೆ ಬಾಯಿ ಮುಚ್ಚಿಸುತ್ತಾರೆ. ಪಟ್ಟಿ ಗುಟ್ಟಲ್ಲ. ಆದರೆ ಬರೀ ಪಟ್ಟಿ ಕೈಗೆ ಬಂದರೆ ನಿಮ್ಮ ಅನುಮಾನ ತೀರುವುದಿಲ್ಲ. ಯಾಕೆಂದು ಹೇಳುತ್ತೇನೆ.

ಮೊದಲು ಲೆಕ್ಕ ಸರಿಮಾಡಿಕೊಳ್ಳೋಣ, ಈ ವಿಷಯದಲ್ಲಿ ಅರ್ಧ ಜಗಳ ಲೆಕ್ಕ ತಪ್ಪಿದ್ದರಿಂದಲೇ ಹುಟ್ಟಿದ್ದು. 2020ರ ಮೇ 6ರಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಪ್ರಕಟಿಸಿದ 1,610 ಕೋಟಿ ರೂಪಾಯಿ ಪ್ಯಾಕೇಜಿನಲ್ಲಿ ಹೂವಿನ ಬೆಳೆಗಾರರಿಗೆ ಇದ್ದದ್ದು ತಲೆಗೆ 25,000 ಅಲ್ಲ, ಹೆಕ್ಟೇರಿಗೆ 25,000, ಅದೂ ಗರಿಷ್ಠ ಒಂದು ಹೆಕ್ಟೇರಿಗೆ. ಒಂದು ಹೆಕ್ಟೇರ್ ಅಂದರೆ ಸುಮಾರು 2 ಎಕರೆ 19 ಗುಂಟೆ. ನಿಮ್ಮ 1 ಎಕರೆ 10 ಗುಂಟೆ ಪೂರ್ತಿ ಹೂವೇ ಎಂದು ದಾಖಲಾಗಿದ್ದರೂ ಬರಬೇಕಿದ್ದದ್ದು ಸುಮಾರು 12,650 ರೂಪಾಯಿ. ಅರ್ಧ ಎಕರೆಯವರಿಗೆ ಐದು ಸಾವಿರ ಚಿಲ್ಲರೆ. ಅದೇ ತಿಂಗಳು ಹಣ್ಣು, ತರಕಾರಿಗೆ ಹೆಕ್ಟೇರಿಗೆ 15,000 ಸೇರಿತು. ಮೆಕ್ಕೆಜೋಳದವರಿಗೆ ಮಾತ್ರ ಜಮೀನಿನ ಅಳತೆ ನೋಡದೆ ರೈತರೊಬ್ಬರಿಗೆ ತಲಾ 5,000. 2021ರ ಮೇ 19ರ 1,250 ಕೋಟಿಯ ಎರಡನೇ ಸುತ್ತಿನಲ್ಲಿ ಹೂವು, ಹಣ್ಣು, ತರಕಾರಿ ಎಲ್ಲಕ್ಕೂ ಹೆಕ್ಟೇರಿಗೆ 10,000, ಮಿತಿ ಮತ್ತೆ ಒಂದು ಹೆಕ್ಟೇರ್. ಹೀಗಾಗಿ ಒಂದೇ ಬೀದಿಯಲ್ಲಿ ಒಬ್ಬರಿಗೆ 5,000, ಇನ್ನೊಬ್ಬರಿಗೆ 25,000, ಮತ್ತೊಬ್ಬರಿಗೆ 4,047 ಬಂದಿದ್ದರೆ ಅದರಲ್ಲಿ ಮೋಸ ಇರಲೇಬೇಕೆಂದೇನಿಲ್ಲ. ಬೆಳೆ ಬೇರೆ, ಅಳತೆ ಬೇರೆ, ವರ್ಷ ಬೇರೆ.

ಇನ್ನು ಪಕ್ಕದ ಹೊಲದ ವಿಷಯ. ಈ ಹಣ ಹಂಚಿದವರು ನಿಮ್ಮ ಹೊಲಕ್ಕೆ ಬಂದು ಬಾಡಿದ ಹೂವು ನೋಡಿ ಹಂಚಲಿಲ್ಲ. ಲಾಕ್‌ಡೌನ್ ನಡುವೆ ಪ್ರತಿ ಹೊಲಕ್ಕೂ ಹೋಗುವುದು ಸಾಧ್ಯವೂ ಇರಲಿಲ್ಲ; ಸ್ಥಳ ಪರಿಶೀಲನೆಯ ಮಾತು ಬರುವುದು ಸಮೀಕ್ಷೆಯಲ್ಲಿ ಹೂವು ದಾಖಲಾಗದೆ ಅರ್ಜಿ ಕೊಟ್ಟವರಿಗೆ ಮಾತ್ರ. ಕೈಯಲ್ಲಿದ್ದದ್ದು ಬೆಳೆ ಸಮೀಕ್ಷೆ: ಪ್ರತಿ ಹಂಗಾಮಿನಲ್ಲಿ ಊರಿನ ಒಬ್ಬ ಹುಡುಗ ಮೊಬೈಲ್ ಆಪ್ ಹಿಡಿದು ಪ್ರತಿ ಸರ್ವೆ ನಂಬರಿನ ಪ್ರತಿ ಹಿಸ್ಸಾಕ್ಕೆ ಹೋಗಿ, ಅಲ್ಲಿ ನಿಂತು ಫೋಟೊ ತೆಗೆದು, ಬೆಳೆ ಮತ್ತು ವಿಸ್ತೀರ್ಣ ನಮೂದಿಸುವ ವ್ಯವಸ್ಥೆ. ಸರ್ಕಾರಿ ಭಾಷೆಯಲ್ಲಿ ಅವರು ‘ಖಾಸಗಿ ನಿವಾಸಿ’. ಅವರು ಹೊಲಕ್ಕೆ ಹೋದ ದಿನ ನಿಮ್ಮ ನೆರೆಯವರು ದಸರೆ, ದೀಪಾವಳಿಗೆಂದು ಬೆಳೆದ ಚೆಂಡು ಹೂವು ನಿಂತಿದ್ದರೆ ದಾಖಲೆಯಲ್ಲಿ ಅದು ಹೂವಿನ ಹೊಲ. ಆಮೇಲೆ ಅವರು ಗಿಡ ಕಿತ್ತು ಹುರುಳಿ ಚೆಲ್ಲಿರಲಿ, ಬೀಳು ಬಿಟ್ಟಿರಲಿ, ಮೇ ತಿಂಗಳ ಪಟ್ಟಿಯಲ್ಲಿ ಅದು ಹೂವೇ. ನಿಮ್ಮದು ತದ್ವಿರುದ್ಧ: ಸಮೀಕ್ಷೆಯವರು ಬಂದು ಹೋದ ಮೇಲೆ, ಜನವರಿಯಲ್ಲಿ ನಾಟಿ. ದಾಖಲೆಯಲ್ಲಿ ನಿಮ್ಮ ಹೊಲ ರಾಗಿಯೋ, ಖಾಲಿ ಜಮೀನೋ ಆಗಿರುವ ಸಾಧ್ಯತೆಯೇ ಹೆಚ್ಚು.

ಪತ್ರದಲ್ಲಿ ನೀವು ಹಾಗೇ ಬರೆದು ಮುಂದೆ ಹೋದ ಒಂದು ಮಾತು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ: ಪಹಣಿ ತಾತನ ಹೆಸರಿನಲ್ಲಿದೆ. ಹಣ ಹೋಗುವುದು ಹೀಗೆ. ಸಮೀಕ್ಷೆಯ ಬೆಳೆ ಸರ್ವೆ ನಂಬರಿಗೆ ಅಂಟಿಕೊಂಡಿರುತ್ತದೆ. ಸರ್ವೆ ನಂಬರ್, ಸರ್ಕಾರದ ಭೂದಾಖಲೆಗಳಿರುವ ಭೂಮಿ ತಂತ್ರಾಂಶದಲ್ಲಿ, ಪಹಣಿಯ 9ನೇ ಕಾಲಂನ ಮಾಲೀಕರ ಹೆಸರಿಗೆ ಅಂಟಿಕೊಂಡಿರುತ್ತದೆ. ಆ ಹೆಸರು ರೈತರನ್ನು ನೋಂದಾಯಿಸುವ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿಗೆ (ರೈತರ ಗುರುತಿನ ಸಂಖ್ಯೆಗೆ), ಎಫ್‌ಐಡಿ ಆಧಾರ್‌ಗೆ, ಆಧಾರ್ ಬ್ಯಾಂಕ್ ಖಾತೆಗೆ. ಈ ಸರಪಣಿಯಲ್ಲಿ ಒಂದು ಕೊಂಡಿ ಕಳಚಿದರೂ ಹಣ ನಿಂತಲ್ಲೇ ನಿಲ್ಲುತ್ತದೆ. ಸತ್ತವರ ಹೆಸರಿನಲ್ಲಿ ಎಫ್‌ಐಡಿ ಮಾಡಿಸಲು ಬರುವುದಿಲ್ಲ. ನಿಮ್ಮ ತಂದೆ ಹೂವು ಬೆಳೆದದ್ದು ಸಮೀಕ್ಷೆಯಲ್ಲಿ ಅಚ್ಚುಕಟ್ಟಾಗಿ ದಾಖಲಾಗಿದ್ದರೂ ಕಂಪ್ಯೂಟರಿಗೆ ಹಣ ಹಾಕಲು ಒಬ್ಬ ಮನುಷ್ಯ ಸಿಗುತ್ತಿರಲಿಲ್ಲ. ಪೌತಿ ಖಾತೆ (ತೀರಿಕೊಂಡವರ ಜಮೀನಿನ ಖಾತೆ ವಾರಸುದಾರರ ಹೆಸರಿಗೆ ಬದಲಾಗುವುದು) ಆಗದೆ, ಅಣ್ಣತಮ್ಮಂದಿರ ಜಂಟಿ ಖಾತೆ ಒಡೆಯದೆ ಹೀಗೆ ಹಣ ತಪ್ಪಿಸಿಕೊಂಡವರು ಬಯಲುಸೀಮೆಯ ಹಳ್ಳಿ ಹಳ್ಳಿಯಲ್ಲೂ ಇದ್ದಾರೆ.

ಇದರ ಇನ್ನೊಂದು ಮುಖ ಗುತ್ತಿಗೆ ಜಮೀನು. ಭೂಸುಧಾರಣೆ ಕಾಯ್ದೆಗೆ 1974ರಲ್ಲಿ ತಿದ್ದುಪಡಿಯಾದ ಮೇಲೆ ಕರ್ನಾಟಕದಲ್ಲಿ ಗೇಣಿಗೆ ಕಾನೂನಿನ ಮಾನ್ಯತೆ ಇಲ್ಲ. ಆದರೆ ಹೂವು, ಟೊಮೆಟೊ, ಕೋಸು ಬೆಳೆಯುವವರಲ್ಲಿ ಬಾಯಿಮಾತಿನ ಗುತ್ತಿಗೆ ಎಷ್ಟೋ ಜನರ ಬದುಕು. ಅಂಥ ಹೊಲದಲ್ಲಿ ನಷ್ಟ ಗುತ್ತಿಗೆದಾರನಿಗೆ, ಪರಿಹಾರ ಪಹಣಿಯಲ್ಲಿ ಹೆಸರಿರುವ ಮಾಲೀಕನಿಗೆ. ಊರಿನ ಕಣ್ಣಿಗೆ ಅದು ಮೋಸ. ಕಡತದ ಕಣ್ಣಿಗೆ ಎಲ್ಲ ಸರಿ.

ಹಾಗಾದರೆ ನಿಜವಾದ ಮೋಸ ಇರುವುದೇ ಇಲ್ಲವೇ? ಇರುತ್ತದೆ. ಅದೇ 2020ರಲ್ಲಿ ಪಕ್ಕದ ತಮಿಳುನಾಡಿನಲ್ಲಿ ಪಿಎಂ-ಕಿಸಾನ್ ಯೋಜನೆಗೆ ಸುಮಾರು ಐದೂವರೆ ಲಕ್ಷ ಅನರ್ಹರನ್ನು ಸೇರಿಸಿದ್ದು ಬಯಲಾಯಿತು, ಕೈಬಿಟ್ಟುಹೋದ ಹಣ 110 ಕೋಟಿ ರೂಪಾಯಿ ಎಂದು ಆ ರಾಜ್ಯದ ಅಧಿಕಾರಿಗಳೇ ಹೇಳಿದರು. ದೇಶದ ಮಟ್ಟದಲ್ಲಿ, 20.48 ಲಕ್ಷ ಅನರ್ಹರಿಗೆ 1,364 ಕೋಟಿ ಹೋಗಿದೆ ಎಂದು ಕೇಂದ್ರ ಕೃಷಿ ಸಚಿವಾಲಯ ಒಪ್ಪಿಕೊಂಡದ್ದು ಒಂದು ಮಾಹಿತಿ ಹಕ್ಕು ಅರ್ಜಿಗೆ ಕೊಟ್ಟ ಉತ್ತರದಲ್ಲಿ, 2021ರ ಜನವರಿಯಲ್ಲಿ ಅದು ಸುದ್ದಿಯಾಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆದಾಯ ತೆರಿಗೆ ಕಟ್ಟುವವರು. ಗಮನಿಸಿ, ಇಷ್ಟು ದೊಡ್ಡ ಸತ್ಯ ಹೊರಬರಲು ಒಬ್ಬರ ಹೆಸರೂ ಬೇಕಾಗಲಿಲ್ಲ. ಅರ್ಜಿಯಲ್ಲಿ ಏನು ಕೇಳಬೇಕೆಂದು ಯೋಚಿಸುವಾಗ ಇದು ನೆನಪಿರಲಿ.

ಈಗ ‘ಹೆಸರು ಕೊಡುವ ಹಾಗಿಲ್ಲ’ ಎಂಬ ಮಾತಿಗೆ ಬರುತ್ತೇನೆ. ಅದರಲ್ಲಿ ಒಂದಿಷ್ಟು ನಿಜವಿದೆ, ಅದಕ್ಕೇ ಅದನ್ನು ಎದುರಿಸುವುದು ಕಷ್ಟ. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಜೆ) ಮೊದಲು ಹೀಗಿತ್ತು: ವೈಯಕ್ತಿಕ ಮಾಹಿತಿಗೆ ಸಾರ್ವಜನಿಕ ಚಟುವಟಿಕೆಯ ಸಂಬಂಧ ಇಲ್ಲದಿದ್ದರೆ, ಅಥವಾ ಕೊಟ್ಟರೆ ಒಬ್ಬರ ಖಾಸಗಿತನಕ್ಕೆ ಕಾರಣವಿಲ್ಲದೆ ಧಕ್ಕೆಯಾಗುವುದಾದರೆ ನಿರಾಕರಿಸಬಹುದು. ಶಾಸನಸಭೆಗೆ ಕೊಡಲೇಬೇಕಾದ ಮಾಹಿತಿಯನ್ನು ಸಾಮಾನ್ಯ ಮನುಷ್ಯನಿಗೂ ನಿರಾಕರಿಸುವಂತಿಲ್ಲ ಎಂಬ ಚೆಂದದ ಸಾಲೂ ಅಲ್ಲಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೇ ಸೆಕ್ಷನ್ ಇದನ್ನೆಲ್ಲ ತೆಗೆದು ‘ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದು’ ಎಂಬ ಮೋಟು ಮಾತನ್ನಷ್ಟೇ ಉಳಿಸಿತು. 2025ರ ನವೆಂಬರ್‌ನಲ್ಲಿ ಅದು ಜಾರಿಗೂ ಬಂತು. ನನ್ನ ದೃಷ್ಟಿಯಲ್ಲಿ ಇದು ಕೆಟ್ಟ ತಿದ್ದುಪಡಿ, ಕೊಡಲು ಮನಸ್ಸಿಲ್ಲದ ಗುಮಾಸ್ತನಿಗೆ ಸಿದ್ಧ ಉತ್ತರವೊಂದನ್ನು ಕೈಗಿಟ್ಟಂತಾಗಿದೆ.

ಆದರೆ ಮಾಹಿತಿ ಹಕ್ಕು ಕಾಯ್ದೆಯ ಇನ್ನೆರಡು ಕಡೆ ಯಾರೂ ಕೈಹಚ್ಚಿಲ್ಲ. ಸೆಕ್ಷನ್ 4(1)(ಬಿ)ಯ 12ನೇ ಅಂಶ: ಸಹಾಯಧನ ಕಾರ್ಯಕ್ರಮಗಳನ್ನು ಜಾರಿಗೊಳಿಸುವ ರೀತಿ, ಅದಕ್ಕೆ ಹಂಚಿಕೆಯಾದ ಮೊತ್ತ ಮತ್ತು ಫಲಾನುಭವಿಗಳ ವಿವರವನ್ನು ಇಲಾಖೆ ತಾನಾಗಿಯೇ ಪ್ರಕಟಿಸಬೇಕು, ಯಾರೂ ಅರ್ಜಿ ಹಾಕಬೇಕಾಗಿಲ್ಲ. ಸೆಕ್ಷನ್ 8(2): ಖಾಸಗಿತನಕ್ಕಾಗುವ ಧಕ್ಕೆಗಿಂತ ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ, ವಿನಾಯಿತಿ ಇರುವ ಮಾಹಿತಿಯನ್ನೂ ಕೊಡಬಹುದು. ಅಷ್ಟೇ ಅಲ್ಲ, ದತ್ತಾಂಶ ಕಾಯ್ದೆಯ 3ನೇ ಸೆಕ್ಷನ್ನಿನಲ್ಲೇ, ಬೇರೊಂದು ಕಾನೂನಿನ ಪ್ರಕಾರ ಪ್ರಕಟಿಸಲೇಬೇಕಾದ ದತ್ತಾಂಶಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದಿದೆ. (ಆ ಭಾಗ ಜಾರಿಗೆ ಬರುವುದು ನಿಯಮಗಳು ಪ್ರಕಟವಾದ 18 ತಿಂಗಳಿಗೆ. ಆದರೂ ಕಾನೂನಿನ ಇಂಗಿತ ಯಾವ ಕಡೆಗಿದೆ ಎಂದು ತೋರಿಸಲು ಮೇಲ್ಮನವಿಯಲ್ಲಿ ಉಲ್ಲೇಖಿಸಬಹುದು.) ಆಚರಣೆಯನ್ನೂ ನೋಡಿ: ಪಿಎಂ-ಕಿಸಾನ್ ಫಲಾನುಭವಿಗಳ ಹಳ್ಳಿವಾರು ಪಟ್ಟಿ ಕೇಂದ್ರದ ಜಾಲತಾಣದಲ್ಲಿ ಇದೆ, ಬರ, ನೆರೆ ಪರಿಹಾರಕ್ಕೆ ಕಂದಾಯ ಇಲಾಖೆಯ ಪರಿಹಾರ ತಂತ್ರಾಂಶವೂ ಹಳ್ಳಿವಾರು ಪಟ್ಟಿ ತೋರಿಸಿದೆ. ಬರದ ದುಡ್ಡು ಪಡೆದವರ ಹೆಸರು ಪ್ರಕಟಿಸಬಹುದು, ಲಾಕ್‌ಡೌನ್ ದುಡ್ಡು ಪಡೆದವರದ್ದು ಗುಟ್ಟು ಎಂಬ ವಾದ ನಿಲ್ಲುವುದು ಕಷ್ಟ. ಇಲಾಖೆ ಹಿಡಿಯಬಹುದಾದ ಒಂದೇ ತಕರಾರು, ‘ಇದು ಸಹಾಯಧನವಲ್ಲ, ನಷ್ಟ ಪರಿಹಾರ’ ಎಂಬುದು. ಅದಕ್ಕೆ 8(2)ನ್ನು ಜೊತೆಗೇ ಇಟ್ಟುಕೊಳ್ಳಿ.

ಖಾಸಗಿತನದ ಕಾಳಜಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಯುರೋಪಿನಲ್ಲಿ ಕೃಷಿ ಸಹಾಯಧನ ಪಡೆದವರ ಹೆಸರು, ಊರು, ಮೊತ್ತವನ್ನು ಅಂತರ್ಜಾಲದಲ್ಲಿ ಹಾಕುತ್ತಿದ್ದಾಗ ಜರ್ಮನಿಯ ಹೆಸ್ಸೆ ರಾಜ್ಯದ ಇಬ್ಬರು ಫಲಾನುಭವಿಗಳು ನ್ಯಾಯಾಲಯಕ್ಕೆ ಹೋದರು. 2010ರ ನವೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ದೊಡ್ಡ ಮೊತ್ತ ಸಣ್ಣ ಮೊತ್ತ ನೋಡದೆ ಎಲ್ಲ ವ್ಯಕ್ತಿಗಳ ಹೆಸರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಪ್ರಕಟಿಸುವುದು ಅತಿಯಾಯಿತು ಎಂದಿತು. ಆಮೇಲೆ ಅವರು ಪ್ರಕಟಣೆ ನಿಲ್ಲಿಸಲಿಲ್ಲ, ವರ್ಷಕ್ಕೆ 1,250 ಯೂರೊ ಅಥವಾ ಅದಕ್ಕಿಂತ ಕಡಿಮೆ ಪಡೆದವರ ಹೆಸರು ಮರೆಮಾಡುವ ನಿಯಮ ತಂದರು. ನಮ್ಮ ಹಳ್ಳಿಯಲ್ಲಿ ಐದು ಸಾವಿರ ಪಡೆದ ವಿಧವೆಯೊಬ್ಬರ ಹೆಸರು ಬೀದಿಗೆ ಬಂದರೆ ಸಾಲ ಕೊಟ್ಟವನು ಅವತ್ತೇ ಬಾಗಿಲಿಗೆ ಬರಬಹುದು. ಇದನ್ನು ಮರೆಯದೆ ಅರ್ಜಿ ಬರೆದರೆ ನಿರಾಕರಣೆಗೆ ಜಾಗವೂ ಕಡಿಮೆಯಾಗುತ್ತದೆ.

ಅಂಥ ಅರ್ಜಿಯ ಕೀಲಿಕೈ ಒಂದೇ: ಹೆಸರು ಕೇಳಬೇಡಿ, ಸರ್ವೆ ನಂಬರ್ ಕೇಳಿ. ಸರ್ವೆ ನಂಬರ್ ಮನುಷ್ಯನಲ್ಲ, ಅದಕ್ಕೆ ಖಾಸಗಿತನವಿಲ್ಲ. ಅದು ಯಾರದ್ದೆಂದು ತಿಳಿಯಲು ಭೂಮಿ ಜಾಲತಾಣದಲ್ಲಿ ಯಾರು ಬೇಕಾದರೂ ಪಹಣಿ ನೋಡಬಹುದು. ಹೆಸರು ಕೇಳಿದರೆ ಅಧಿಕಾರಿ ಸೆಕ್ಷನ್ 11ರ ಅಡಿ ‘ಮೂರನೇ ವ್ಯಕ್ತಿ’ಗೆ, ಅಂದರೆ ಆ ಹೆಸರಿನವರಿಗೆ, ನೋಟಿಸು ಕೊಟ್ಟು ನಲವತ್ತು ದಿನ ಎಳೆಯಬಹುದು, ಊರಲ್ಲಿ ನಿಮ್ಮ ಹೆಸರೂ ಗುಲ್ಲಾಗುತ್ತದೆ. ಅರ್ಜಿ ತಾಲ್ಲೂಕಿನ ತೋಟಗಾರಿಕೆ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹೋಗಬೇಕು. ಮೆಕ್ಕೆಜೋಳವಾದರೆ ಕೃಷಿ ಇಲಾಖೆಗೆ, ಅಲ್ಲಿಗೆ ಇಲ್ಲಿಯದನ್ನು ಕಳಿಸಿ ತಿಂಗಳು ಕಳೆಯಬೇಡಿ. ಕರ್ನಾಟಕದ ನಿಯಮದಂತೆ ಅರ್ಜಿ ನಮೂನೆ ‘ಎ’ಯಲ್ಲಿ, ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದ ಮೀರದಂತಿರಬೇಕು. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ನಕಲಿಗೆ ಪುಟಕ್ಕೆ 2 ರೂಪಾಯಿ. ರಾಜ್ಯದ ಆನ್‌ಲೈನ್ ಆರ್‌ಟಿಐ ಜಾಲತಾಣದಿಂದಲೂ ಸಲ್ಲಿಸಬಹುದು. ಬರಹ ಹೀಗಿರಲಿ:

‘2020ರ ಮೇ ತಿಂಗಳಲ್ಲಿ ಘೋಷಣೆಯಾದ ಹೂವಿನ ಬೆಳೆಗಾರರ ಲಾಕ್‌ಡೌನ್ ಪರಿಹಾರಕ್ಕೆ ಸಂಬಂಧಿಸಿ, … ಗ್ರಾಮದ ಮಟ್ಟಿಗೆ: ಅ) ಪರಿಹಾರ ಪಾವತಿಯಾದ ಪ್ರತಿ ಸರ್ವೆ ನಂಬರ್ ಮತ್ತು ಹಿಸ್ಸಾ, ದಾಖಲಾದ ಬೆಳೆ, ವಿಸ್ತೀರ್ಣ, ಮೊತ್ತ, ಪಾವತಿ ದಿನಾಂಕ. ಆ) ತಿರಸ್ಕೃತವಾದ ಅಥವಾ ಪಾವತಿ ವಿಫಲವಾದ ಪ್ರಕರಣಗಳ ಸರ್ವೆ ನಂಬರ್ ಮತ್ತು ಕಾರಣ. ಇ) ಬೆಳೆ ಸಮೀಕ್ಷೆಯಲ್ಲಿ ಹೂವು ದಾಖಲಾಗದೆ, ಅರ್ಜಿಯ ಮೂಲಕ ಸೇರಿಸಿದ ಸರ್ವೆ ನಂಬರುಗಳು ಮತ್ತು ಸ್ಥಳ ಪರಿಶೀಲನೆ ವರದಿಯ ನಕಲು. ಈ) ಅರ್ಹತೆ ನಿಗದಿಪಡಿಸಿದ ಸರ್ಕಾರಿ ಆದೇಶ ಮತ್ತು ಮಾರ್ಗಸೂಚಿಯ ನಕಲು. ಆಧಾರ್, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆಗಳು ಬೇಡ, ಇದ್ದರೆ ಸೆಕ್ಷನ್ 10ರಂತೆ ಮರೆಮಾಡಿ ಕೊಡುವುದು.’

ಇದರಲ್ಲಿ ಎಲ್ಲರೂ ಆಸೆಪಡುವುದು ‘ಅ’ ಭಾಗಕ್ಕೆ. ನಿಜವಾದ ಮಾಹಿತಿ ಇರುವುದು ‘ಆ’ ಮತ್ತು ‘ಇ’ಯಲ್ಲಿ. ನಿಮ್ಮ ತಂದೆಯ ಅರ್ಜಿ ಏನಾಯಿತೆಂದು ‘ಆ’ ಹೇಳುತ್ತದೆ. ಸಮೀಕ್ಷೆಯಲ್ಲಿ ಹೂವಿಲ್ಲದೆ ಅರ್ಜಿಯಿಂದ ಒಳಬಂದ ಹೊಲಗಳು ‘ಇ’ಯಲ್ಲಿರುತ್ತವೆ. ಕೈಚಳಕ ನಡೆದಿದ್ದರೆ ಬಹುಪಾಲು ಅಲ್ಲಿಯೇ, ಯಾಕೆಂದರೆ ಸಮೀಕ್ಷೆಗೆ ಜಿಪಿಎಸ್ ಫೋಟೊ ಇದೆ, ಅರ್ಜಿಗೆ ಇರುವುದು ಒಂದು ಸಹಿ. ಪಕ್ಕದ ಹೊಲದ ಸರ್ವೆ ನಂಬರ್ ‘ಅ’ಯಲ್ಲಿದ್ದು ‘ಇ’ಯಲ್ಲಿ ಇಲ್ಲದಿದ್ದರೆ, ಅವರ ಹಣ ಸಮೀಕ್ಷೆಯ ದಾರಿಯಿಂದ ಬಂದದ್ದು, ಅವರನ್ನು ಬಿಟ್ಟುಬಿಡಿ. ಆ ವರ್ಷದ ಪಹಣಿಯ 12ನೇ ಕಾಲಂನಲ್ಲಿ ಯಾವ ಬೆಳೆ ನಮೂದಾಗಿದೆ ಎಂದೂ ತಾಳೆ ನೋಡಿ.

ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅದನ್ನೇ ನಿರಾಕರಣೆ ಎಂದು ತಿಳಿದು ಮುಂದಿನ ಮೂವತ್ತು ದಿನದೊಳಗೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ತಡವಾಗಿ ಕೊಟ್ಟ ಮಾಹಿತಿಗೆ ನಕಲಿನ ಶುಲ್ಕವೂ ಇಲ್ಲ. ‘ಡೇಟಾ ಕಾಯ್ದೆ’ ಎಂದು ಹಿಂಬರಹ ಬಂದರೆ ಮೇಲ್ಮನವಿಯಲ್ಲಿ ಮೂರು ಮಾತು ಸಾಕು: ನಾನು ಹೆಸರು ಕೇಳಿಲ್ಲ, 4(1)(ಬಿ)ಯಂತೆ ಇದು ಕೇಳದೆಯೇ ಪ್ರಕಟಿಸಬೇಕಾದದ್ದು, 8(2)ರ ಸಾರ್ವಜನಿಕ ಹಿತವನ್ನು ಅಧಿಕಾರಿ ತೂಗಿಯೇ ನೋಡಿಲ್ಲ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಬೆಂಗಳೂರಿನ ಜೊತೆಗೆ ಬೆಳಗಾವಿ, ಕಲಬುರಗಿಯಲ್ಲೂ ಪೀಠಗಳಿವೆ. ಆ ಹಂತದಲ್ಲಿ ತಿಂಗಳುಗಳು ಹೋಗುತ್ತವೆ, ತಾಳ್ಮೆ ಬೇಕು. ಹಳೆಯ ಕಡತ ವಿಲೇವಾರಿಯಾಗಿದೆ ಎಂಬ ಉತ್ತರವೂ ಬರಬಹುದು. ಆಗ ಕಡತ ನಾಶಪಡಿಸಿದ ಆದೇಶದ ನಕಲನ್ನೇ ಕೇಳಿ. ಹಣ ಹೋದದ್ದು ತಂತ್ರಾಂಶದ ಮೂಲಕ, ಕಾಗದ ಹೋದರೂ ಅದರ ಲೆಕ್ಕ ಎಲ್ಲೋ ಇರಲೇಬೇಕು.

ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಯೋಚನೆ ಬಿಡಿ ಎಂದೇ ಹೇಳುತ್ತೇನೆ. ಕಚೇರಿಯಿಂದ ಎಷ್ಟೋ ಸಲ ಪೂರ್ತಿ ಎಕ್ಸೆಲ್ ಹಾಳೆಯೇ ಬಂದುಬಿಡುತ್ತದೆ, ಆಧಾರ್ ಸಂಖ್ಯೆ ಸಮೇತ. ಆಧಾರ್ ಸಂಖ್ಯೆಯನ್ನು ಬಹಿರಂಗವಾಗಿ ಪ್ರಕಟಿಸುವುದನ್ನು 2016ರ ಆಧಾರ್ ಕಾಯ್ದೆ ನಿಷೇಧಿಸುತ್ತದೆ, ಕಚೇರಿಯವರು ತಪ್ಪಿ ಕೊಟ್ಟರು ಎಂಬುದು ನಿಮಗೆ ರಕ್ಷಣೆಯಲ್ಲ. ‘ಇವನು ಕಳ್ಳ’ ಎಂದು ಸೇರಿಸಿ ಬರೆದರೆ, ಆಮೇಲೆ ಆ ಹಣ ಸಮೀಕ್ಷೆಯ ಪ್ರಕಾರ ಸರಿ ಎಂದಾದರೆ, ಮಾನನಷ್ಟದ ಮೊಕದ್ದಮೆ ನಿಮ್ಮ ಕೊರಳಿಗೆ. ಊರಿನ ಮುಂದೆ ಇಡಲೇಬೇಕೆಂದರೆ ಗ್ರಾಮಸಭೆಯಲ್ಲಿ, ಸರ್ವೆ ನಂಬರ್ ಮತ್ತು ಮೊತ್ತದ ಪಟ್ಟಿಯಾಗಿ, ಲಿಖಿತ ಪ್ರಶ್ನೆಯೊಂದಿಗೆ ಇಡಿ, ನಡಾವಳಿಯಲ್ಲಿ ಬರೆಸಿ.

ಹಣದ ವಿಷಯದಲ್ಲಿ ನಿಮಗೆ ಸುಳ್ಳು ಭರವಸೆ ಕೊಡಲಾರೆ. ಮಾಹಿತಿ ಹಕ್ಕಿನಿಂದ ಸಿಗುವುದು ಮಾಹಿತಿ, ಹಣವಲ್ಲ. ಒಂದು ಸಲದ ಅನುದಾನ, ಆ ಆರ್ಥಿಕ ವರ್ಷ ಮುಗಿದು ವರ್ಷಗಳೇ ಆದವು, ಹೊಸದಾಗಿ ಆದೇಶವಾಗದೆ ಕಚೇರಿ ಪಾವತಿ ಮಾಡಲಾರದು. ಲೋಕಾಯುಕ್ತಕ್ಕೆ ಹೋಗುವ ದಾರಿಯೂ ಕಿರಿದು: ಕೃತ್ಯ ನಡೆದು ಐದು ವರ್ಷ ಕಳೆದ ಆರೋಪವನ್ನು ಲೋಕಾಯುಕ್ತ ಕಾಯ್ದೆಯಡಿ ತನಿಖೆಗೆ ತೆಗೆದುಕೊಳ್ಳುವಂತಿಲ್ಲ, 2020ರ ಪಾವತಿಗೆ ಆ ಗಡುವು ದಾಟಿದೆ. ‘ಇ’ ಭಾಗದಲ್ಲಿ ನಕಲಿ ಪರಿಶೀಲನೆ ವರದಿ ಕಂಡುಬಂದರೆ ಇಲಾಖೆಯ ಜಿಲ್ಲಾ ಮಟ್ಟದ ಅಧಿಕಾರಿಗೆ ಮತ್ತು ಜಿಲ್ಲಾಧಿಕಾರಿಗೆ, ದಾಖಲೆ ಲಗತ್ತಿಸಿ, ಹಣ ವಸೂಲಿ ಕೋರಿ ದೂರು ಕೊಡಿ.

ಒಂದು ಸಣ್ಣ ಸಾಧ್ಯತೆ ಉಳಿದಿದೆ, ಅದನ್ನು ಅರ್ಜಿ ಹಾಕುವ ಮೊದಲೇ ನೋಡಿಬಿಡಿ. ಹಣ ಬಂದಿದ್ದು ನಿಮಗೇ ಗೊತ್ತಿಲ್ಲದಿರಬಹುದು. ಆಧಾರ್ ಮೂಲಕ ಹೋಗುವ ಹಣ ನೀವು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ ಬೀಳುತ್ತದೆ. ಯಾವತ್ತೋ ತೆರೆದು ಮರೆತ ಜನಧನ್ ಖಾತೆಯಲ್ಲಿ ಹೀಗೆ ಸೇರಿಕೊಂಡ ಹಣ ಕಡಿಮೆಯೇನಲ್ಲ. ನಿಮ್ಮ ತಂದೆಯ ಫೋನಿನಲ್ಲಿ ಡಿಬಿಟಿ ಕರ್ನಾಟಕ ಆಪ್ ಹಾಕಿ, ಆಧಾರ್‌ಗೆ ಕೊಟ್ಟ ನಂಬರಿಗೆ ಬರುವ ಒಟಿಪಿ ಕೊಟ್ಟರೆ ರಾಜ್ಯದ ಯೋಜನೆಗಳಿಂದ ಬಂದ ಪಾವತಿ, ದಿನಾಂಕ, ಬ್ಯಾಂಕು ಕಾಣುತ್ತದೆ.

ಮತ್ತೆ ಪೌತಿ ಖಾತೆ. ತಾತನ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಿ. ಮರಣ ನೋಂದಣಿಯೇ ಆಗಿಲ್ಲದಿದ್ದರೆ ಕೆಲಸ ಅಲ್ಲಿಂದ ಶುರು. ಅತ್ತೆಯಂದಿರೂ ಸೇರಿ ಎಲ್ಲ ವಾರಸುದಾರರ ಹೆಸರೂ ವಂಶವೃಕ್ಷದಲ್ಲಿ ಬರಲಿ, ಒಂದು ಹೆಸರು ಬಿಟ್ಟರೂ ಮ್ಯುಟೇಶನ್‌ಗೆ (ಖಾತೆ ಬದಲಾವಣೆಗೆ) ತಕರಾರು ಬೀಳುತ್ತದೆ. ಪಹಣಿಯಲ್ಲಿ ಹೆಸರು ಬಂದ ವಾರವೇ ರೈತ ಸಂಪರ್ಕ ಕೇಂದ್ರದಲ್ಲಿ ಎಫ್‌ಐಡಿ ಮಾಡಿಸಿ, ಸರ್ವೆ ನಂಬರ್ ಅದಕ್ಕೆ ಸೇರಿದೆಯೇ ಎಂದು ಅಲ್ಲಿಯೇ ಪರದೆಯಲ್ಲಿ ನೋಡಿಕೊಳ್ಳಿ. ಬೆಳೆಯ ಫೋಟೊವನ್ನು 2020ರ ಮುಂಗಾರಿನಿಂದ ರೈತರೇ ಆಪ್‌ನಲ್ಲಿ ಹಾಕಲು ಅವಕಾಶವಿದೆ. ಖಾಸಗಿ ನಿವಾಸಿ ಹಾಕಿದ್ದರೆ ಬೆಳೆ ದರ್ಶಕ್ ಆಪ್‌ನಲ್ಲಿ ಏನು ದಾಖಲಾಗಿದೆ ಎಂದು ಹಂಗಾಮು ಮುಗಿಯುವ ಮುನ್ನ ನೋಡಿ, ತಪ್ಪಿದ್ದರೆ ಅಲ್ಲಿಯೇ ಆಕ್ಷೇಪಣೆ ಹಾಕಿ. ನಾಟಿ ಮಾಡಿದ್ದು ಸಮೀಕ್ಷೆ ಮುಗಿದ ಮೇಲಾದರೆ, ದಿನಾಂಕ ಬರುವಂಥ ಫೋಟೊ ಮತ್ತು ಸಸಿ ತಂದ ನರ್ಸರಿಯ ರಸೀದಿ ಎತ್ತಿಡಿ.